ಸ್ಟಿಯರಿಂಗ್ ಹಿಡಿದ ಕೈ ಕಾರ್ಖಾನೆ ಕಟ್ಟಿದಾಗ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಸಭಿಕರೆಲ್ಲರಿಗೂ ನಮಸ್ಕಾರ.

1959ರ ಡಿಸೆಂಬರ್ 12ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಸೀಬ್ರಿಂಗ್‌ನಲ್ಲಿ ಆ ವರ್ಷದ ಕೊನೆಯ ಗ್ರ್ಯಾನ್ ಪ್ರಿ, ಅಂದರೆ ವಿಶ್ವ ಚಾಂಪಿಯನ್ ಪಟ್ಟಕ್ಕೆ ಲೆಕ್ಕಕ್ಕೆ ಬರುವ ಕಾರು ಓಟ, ನಡೆಯಿತು. ಕೊನೆಯ ಸುತ್ತಿನವರೆಗೂ ಮುಂದಿದ್ದವರು ಆಸ್ಟ್ರೇಲಿಯಾದ ಜಾಕ್ ಬ್ರಾಬಮ್. ಮುಕ್ತಾಯದ ಗೆರೆ ಇನ್ನು ಕೆಲವೇ ನೂರು ಮೀಟರ್ ಇದೆ ಎನ್ನುವಾಗ ಅವರ ಕೂಪರ್ ಕಾರಿನ ಇಂಧನ ಮುಗಿದುಹೋಯಿತು. ಹಿಂದೆಯೇ ಬರುತ್ತಿದ್ದ ಅದೇ ತಂಡದ 22 ವರ್ಷದ ನ್ಯೂಜಿಲೆಂಡ್ ತರುಣ ಬ್ರೂಸ್ ಮೆಕ್ಲಾರೆನ್ ಏನಾಯಿತೆಂದು ತಿಳಿಯದೆ ವೇಗ ತಗ್ಗಿಸಿದಾಗ, ಬ್ರಾಬಮ್ ಕೈ ಬೀಸಿ ಮುಂದೆ ಹೋಗುವಂತೆ ಸೂಚಿಸಿದರು. ಮೆಕ್ಲಾರೆನ್ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದರು. ಅತಿ ಕಿರಿಯ ವಯಸ್ಸಿನ ವಿಜೇತ ಎಂಬ ಆ ದಾಖಲೆಯನ್ನು 2003ರವರೆಗೆ ಯಾರೂ ಮುರಿಯಲಿಲ್ಲ. ಬ್ರಾಬಮ್ ಕಾರಿನಿಂದ ಇಳಿದು, ಅದನ್ನು ತಾವೇ ತಳ್ಳಿಕೊಂಡು ಗೆರೆ ದಾಟಿಸಿ, ನಾಲ್ಕನೆಯವರಾಗಿ ಓಟ ಮುಗಿಸಿ, ಅಲ್ಲೇ ಕುಸಿದರು. ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಅವರಿಗೇ ದಕ್ಕಿತು.

ಈ ಓಟವನ್ನು ಮೊದಲು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅಂದು ಗೆದ್ದವರು, ತಳ್ಳಿದವರು ಇಬ್ಬರೂ ಕೆಲವೇ ವರ್ಷಗಳಲ್ಲಿ ತಮ್ಮ ತಮ್ಮ ಹೆಸರಿನಲ್ಲಿ ಕಾರು ಕಟ್ಟುವ ಕಂಪನಿಗಳನ್ನು ಆರಂಭಿಸಿದರು. ಅವರಿಗಿಂತ ಅರ್ಧ ಶತಮಾನದ ಹಿಂದೆಯೇ ರೇಸ್ ಚಾಲಕರು ಈ ಸಾಹಸಕ್ಕೆ ಇಳಿದಿದ್ದರು, ಅವರ ನಂತರವೂ ಇಳಿಯುತ್ತಲೇ ಇದ್ದಾರೆ. ವೇಗವಾಗಿ ಓಡಿಸಬಲ್ಲವನು ಒಳ್ಳೆಯ ಕಾರನ್ನೂ ಮಾಡಬಲ್ಲನೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಆದರೆ ಈ ಚರಿತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ತೊಡಕಿದ್ದದ್ದು ಕಾರು ಮಾಡುವುದರಲ್ಲಿ ಅಲ್ಲ ಎಂಬುದು ಗೊತ್ತಾಗುತ್ತದೆ. ರೇಸ್ ಚಾಲಕನಿಗೆ ಬೇಕಾದ ಕಾರೇ ಬೇರೆ, ಕೈಯಿಂದ ಹಣ ಕೊಟ್ಟು ಕೊಳ್ಳುವವನಿಗೆ ಬೇಕಾದ ಕಾರೇ ಬೇರೆ. ಈ ಎರಡರ ನಡುವಿನ ಅಂತರವನ್ನು ಯಾರು ಹೇಗೆ ನಿಭಾಯಿಸಿದರು ಎಂಬುದೇ ಇಂದಿನ ನನ್ನ ವಿಷಯ. ಕಂಪನಿ ಉಳಿಯಿತೋ ಮುಳುಗಿತೋ ಎಂಬುದು ನನ್ನ ಅಭಿಪ್ರಾಯದಲ್ಲಿ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗಿದೆ.

ಅಂತರವನ್ನು ಒಪ್ಪಿಕೊಳ್ಳಲೇ ಒಲ್ಲದವರಿಂದ ಆರಂಭಿಸೋಣ. ಲೂಯಿ ಶೆವರ್ಲೆ 1878ರ ಕ್ರಿಸ್‌ಮಸ್ ದಿನ ಸ್ವಿಟ್ಜರ್ಲೆಂಡಿನ ಲಾ ಷೋ-ದ-ಫೋನ್‌ನಲ್ಲಿ ಹುಟ್ಟಿದರು. ಅದು ಗಡಿಯಾರ ತಯಾರಿಕೆಗೆ ಹೆಸರಾದ ಊರು. ಫ್ರಾನ್ಸಿನಲ್ಲಿ ಸೈಕಲ್ ರಿಪೇರಿ ಕಲಿತು, 1900ರ ಹೊತ್ತಿಗೆ ಕೆನಡಾ ಮಾರ್ಗವಾಗಿ ಅಮೆರಿಕ ಸೇರಿ, 1905ರಲ್ಲಿ ಫಿಯೆಟ್ ಕಾರು ಓಡಿಸಿ ಅಂದಿನ ಜನಪ್ರಿಯ ಚಾಲಕ ಬಾರ್ನಿ ಓಲ್ಡ್‌ಫೀಲ್ಡ್ ಅವರನ್ನು ಸೋಲಿಸಿದರು. ಮುಂದೆ ಬ್ಯೂಯಿಕ್ ತಂಡಕ್ಕೆ ಓಡಿಸುತ್ತಿದ್ದಾಗ ವಿಲಿಯಂ ಡ್ಯುರಾಂಟ್ ಅವರ ಪರಿಚಯವಾಯಿತು. ಜನರಲ್ ಮೋಟರ್ಸ್ ಕಟ್ಟಿ, 1910ರಲ್ಲಿ ಅದರ ಹಿಡಿತವನ್ನು ಬ್ಯಾಂಕುಗಳಿಗೆ ಕಳೆದುಕೊಂಡಿದ್ದ ಡ್ಯುರಾಂಟ್‌ಗೆ ಮರಳಿ ಏಳಲು ಒಂದು ಹೊಸ ಹೆಸರು ಬೇಕಿತ್ತು. ರೇಸ್ ಟ್ರ್ಯಾಕಿನ ಹೆಸರಿಗಿಂತ ಒಳ್ಳೆಯ ಜಾಹೀರಾತು ಎಲ್ಲಿ ಸಿಕ್ಕೀತು? 1911ರ ನವೆಂಬರ್ 3ರಂದು ಡೆಟ್ರಾಯಿಟ್‌ನಲ್ಲಿ ಶೆವರ್ಲೆ ಮೋಟರ್ ಕಾರ್ ಕಂಪನಿ ನೋಂದಣಿಯಾಯಿತು.

ಲೂಯಿ ವಿನ್ಯಾಸಗೊಳಿಸಿದ ಮೊದಲ ಕಾರು ಕ್ಲಾಸಿಕ್ ಸಿಕ್ಸ್. ಆರು ಸಿಲಿಂಡರಿನ ದೊಡ್ಡ ಎಂಜಿನ್, ಗಟ್ಟಿಮುಟ್ಟಾದ ಮೈ, ಬೆಲೆ 2,150 ಡಾಲರ್. ಫೋರ್ಡ್‌ನ ಮಾಡೆಲ್ ಟಿ ಅದೇ ಕಾಲದಲ್ಲಿ ಸುಮಾರು ಮೂರನೆಯ ಒಂದು ಭಾಗದ ಬೆಲೆಗೆ ಸಿಗುತ್ತಿತ್ತು. ಡ್ಯುರಾಂಟ್‌ಗೆ ಬೇಕಾಗಿದ್ದದ್ದು ಫೋರ್ಡಿಗೆ ಎದುರಾಗಿ ನಿಲ್ಲುವ ಅಗ್ಗದ ಕಾರು. ಲೂಯಿಗೆ ಬೇಕಾಗಿದ್ದದ್ದು ತಮ್ಮ ಹೆಸರಿಗೆ ತಕ್ಕ ಕಾರು. ಜಗಳ ಸಿಗರೇಟಿನ ವಿಷಯಕ್ಕೆ ಹತ್ತಿತು, ಕಂಪನಿಯ ಯಜಮಾನನೆನಿಸಿದವನು ಸಿಗಾರ್ ಸೇದಬೇಕೆಂದು ಡ್ಯುರಾಂಟ್ ಒತ್ತಾಯಿಸಿದರು ಎಂದೊಂದು ಕಥೆಯಿದೆ. ಕಥೆ ನಿಜವಿರಲಿ ಬಿಡಲಿ, ಜಗಳದ ಬೇರು ಇದ್ದದ್ದು ಬೆಲೆಯಲ್ಲಿ. 1913ರಲ್ಲಿ ಲೂಯಿ ಹೊರನಡೆದರು. ಷೇರು ಮಾರಿದರು, ಹೆಸರು ಅಲ್ಲಿಯೇ ಉಳಿಯಿತು. ಡ್ಯುರಾಂಟ್ ಆ ಹೆಸರನ್ನು 490 ಡಾಲರಿನ ಕಾರಿನ ಮೇಲೆ ಅಂಟಿಸಿ, ಆ ಕಾರಿಗೆ ಅದರ ಬೆಲೆಯನ್ನೇ ಹೆಸರಾಗಿಟ್ಟು ಮಾರಿದರು. ಅದರಿಂದ ಬಂದ ಬಲದಲ್ಲಿ ಜನರಲ್ ಮೋಟರ್ಸನ್ನೇ ಮರಳಿ ವಶಪಡಿಸಿಕೊಂಡರು.

ಇತ್ತ ಲೂಯಿ ತಮ್ಮಂದಿರೊಡನೆ ಫ್ರಂಟೆನಾಕ್ ಎಂಬ ಹೆಸರಿನಲ್ಲಿ ರೇಸ್ ಕಾರು ಕಟ್ಟತೊಡಗಿದರು. 1920ರಲ್ಲಿ ತಮ್ಮ ಗ್ಯಾಸ್ಟನ್, ಅಣ್ಣ ಕಟ್ಟಿಕೊಟ್ಟ ಕಾರಿನಲ್ಲಿ ಇಂಡಿಯಾನಾಪೊಲಿಸ್ 500 ಎಂಬ ಅಮೆರಿಕದ ಹೆಸರಾಂತ ಓಟವನ್ನು ಗೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಬೆವರ್ಲಿ ಹಿಲ್ಸ್‌ನ ಹಲಗೆ ಹಾಸಿದ ಟ್ರ್ಯಾಕಿನಲ್ಲಿ ಅಪಘಾತಕ್ಕೀಡಾಗಿ ಸತ್ತರು. ಮರುವರ್ಷವೂ ಇಂಡಿಯಾನಾಪೊಲಿಸ್ ಗೆದ್ದದ್ದು ಫ್ರಂಟೆನಾಕ್ ಕಾರೇ. ಇಷ್ಟಾದರೂ ಲೂಯಿಗೆ ಹಣ ಬಂದದ್ದು ಗೆದ್ದ ಕಾರುಗಳಿಗಿಂತ ಹೆಚ್ಚಾಗಿ ಒಂದು ಬಿಡಿಭಾಗದಿಂದ. ಮಾಡೆಲ್ ಟಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಸಿಲಿಂಡರ್ ಹೆಡ್ಡನ್ನು ಅವರು ಎರಕ ಹೊಯ್ದು ಮಾರುತ್ತಿದ್ದರು. ಅಗ್ಗದ ಕಾರು ಮಾಡಲಾರೆ ಎಂದು ಹೊರಟುಬಂದವರು ಅಗ್ಗದ ಕಾರಿನ ಗಿರಾಕಿಯಿಂದಲೇ ಬದುಕಬೇಕಾಯಿತು. 1930ರ ದಶಕದಲ್ಲಿ ತಮ್ಮದೇ ಹೆಸರಿನ ಕಂಪನಿಯಲ್ಲಿ ಸಂಬಳಕ್ಕೆ ದುಡಿದು, 1941ರಲ್ಲಿ ತೀರಿಕೊಂಡರು. ನಮ್ಮ ರಸ್ತೆಗಳಲ್ಲಿ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟ ಕುಟುಂಬಗಳನ್ನು ಹೊತ್ತು ಓಡಾಡಿದ ಟವೇರಾ ಬಾಡಿಗೆ ಗಾಡಿಗಳ ಮೂತಿಯ ಮೇಲಿದ್ದ ಚಿನ್ನದ ಬಣ್ಣದ ಗುರುತು ಇವರ ಹೆಸರಿನ ಕಂಪನಿಯದೇ. ಆ ಹೆಸರು ಒಬ್ಬ ರೇಸ್ ಚಾಲಕನದೆಂದು ಓಡಿಸುತ್ತಿದ್ದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಲೂಯಿಗಿಂತ ಐದು ವರ್ಷ ಮೊದಲೇ, 1906ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ ವಿಂಚೆಂಜೊ ಲಾಂಚಿಯಾ ಕಂಪನಿ ಆರಂಭಿಸಿದ್ದರು. ಮಗ ಲೆಕ್ಕಪತ್ರ ಕಲಿಯಲಿ ಎಂಬುದು ತಂದೆಯ ಆಸೆ. ಮಗನೋ ತಮ್ಮ ಮನೆಯ ಕಟ್ಟಡದಲ್ಲಿಯೇ ಬಾಡಿಗೆಗಿದ್ದ ಚೆಯಿರಾನೊ ಎಂಬುವರ ವರ್ಕ್‌ಶಾಪಿಗೆ ಲೆಕ್ಕ ಬರೆಯುವ ನೆಪದಲ್ಲಿ ಸೇರಿ, ಆ ವರ್ಕ್‌ಶಾಪನ್ನು ಫಿಯೆಟ್ ಕೊಂಡಾಗ ಅದರೊಂದಿಗೇ ಫಿಯೆಟ್ ಪಾಲಾಗಿ, ಅಲ್ಲಿ ಕಾರುಗಳ ಪರೀಕ್ಷಕರೂ ರೇಸ್ ಚಾಲಕರೂ ಆದರು. ಆರಂಭದಿಂದಲೇ ಬಿರುಸಾಗಿ ಓಡಿಸುವುದು, ಮುನ್ನಡೆಯಲ್ಲಿರುವಾಗಲೇ ಕಾರು ಕೆಟ್ಟು ನಿಲ್ಲುವುದು ಅವರ ರೀತಿಯಾಗಿತ್ತು. ಇಂಥ ಮನುಷ್ಯ ಸ್ವಂತ ಕಂಪನಿ ಕಟ್ಟಿದಾಗ ಮಾಡಿದ್ದು ಅಚ್ಚರಿಯ ಕೆಲಸ: ಸದ್ದಿಲ್ಲದ, ಸುಖವಾದ, ರಸ್ತೆಯನ್ನು ಬಿಗಿಯಾಗಿ ಹಿಡಿಯುವ ಕಾರುಗಳು. 1922ರಲ್ಲಿ ಹೊರಬಂದ ಲಾಂಬ್ಡಾ ಕಾರಿನಲ್ಲಿ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಎಂಬುದೇ ಇರಲಿಲ್ಲ. ಉಕ್ಕಿನ ತಗಡಿನ ಮೈಯೇ ಹಡಗಿನ ಒಡಲಿನಂತೆ ಭಾರವನ್ನೆಲ್ಲ ಹೊರುತ್ತಿತ್ತು. ಮುಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುತ್ತಿದ್ದವು. ಇಂದು ನಾವು ಓಡಿಸುವ ಬಹುತೇಕ ಎಲ್ಲ ಸಣ್ಣ ಕಾರುಗಳೂ ಈ ಎರಡು ತತ್ವಗಳ ಮೇಲೆಯೇ ನಿಂತಿವೆ. ರೇಸಿನಲ್ಲಿ ಕಾರುಗಳನ್ನು ಒಡೆದು ಒಡೆದು, ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಮೈಯಾರೆ ಅರಿತವರು ಆ ಅರಿವನ್ನು ಗಿರಾಕಿಗಾಗಿ ಬಳಸಿದ ಉದಾಹರಣೆ ಇದಕ್ಕಿಂತ ಚೆನ್ನಾಗಿ ಸಿಗದು. ಕಂಪನಿಯನ್ನು ಅವರು ದೊಡ್ಡ ರೇಸುಗಳತ್ತ ಒಯ್ಯಲಿಲ್ಲ.

ಒಯ್ದವರು ಅವರ ಮಗ. 1937ರಲ್ಲಿ ವಿಂಚೆಂಜೊ ತೀರಿಕೊಂಡ ಮೇಲೆ, ಯುದ್ಧಾನಂತರ ಆಡಳಿತ ವಹಿಸಿಕೊಂಡ ಜಾನಿ ಲಾಂಚಿಯಾ ಗ್ರ್ಯಾನ್ ಪ್ರಿಗೆಂದೇ ಡಿ50 ಎಂಬ ಅಪ್ರತಿಮ ಕಾರನ್ನು ಮಾಡಿಸಿದರು. ಖರ್ಚು ಕೈಮೀರಿತು. 1955ರ ಮೇ ತಿಂಗಳಲ್ಲಿ ತಂಡದ ಮುಖ್ಯ ಚಾಲಕ ಆಲ್ಬೆರ್ಟೊ ಅಸ್ಕಾರಿ ಮೋನ್ಜಾದಲ್ಲಿ ಬೇರೊಂದು ಕಾರು ಪರೀಕ್ಷಿಸುವಾಗ ಸತ್ತರು. ಜುಲೈನಲ್ಲಿ ಡಿ50 ಕಾರುಗಳು ಬಿಡಿಭಾಗಗಳ ಸಮೇತ ಇನ್ನೊಬ್ಬರ ಅಂಗಳ ಸೇರಿದವು, ಕುಟುಂಬದ ಕೈಯಿಂದ ಕಂಪನಿಯೂ ಜಾರಿತು. ರೇಸ್ ಚಾಲಕನಾಗಿದ್ದ ತಂದೆಗೆ ರೇಸಿನ ಬೆಲೆ ಗೊತ್ತಿತ್ತು. ಚಾಲಕನಲ್ಲದ ಮಗನಿಗೆ ಅದರ ಸೊಗಸಷ್ಟೇ ಕಂಡಿತು ಎಂದರೆ ತೀರಾ ಕಟುವಾದೀತೇನೋ, ಆದರೆ ನನಗೆ ಹಾಗೆಯೇ ತೋರುತ್ತದೆ.

ಆ ಕಾರುಗಳು ಸೇರಿದ ಅಂಗಳ ಮರನೆಲ್ಲೊದಲ್ಲಿತ್ತು. ಅದರ ಯಜಮಾನ ಎಂಜೊ ಫೆರಾರಿ. ಈ ಉಪನ್ಯಾಸದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಹೆಸರೂ ಇದೇ.

ಫೆರಾರಿ 1898ರಲ್ಲಿ ಮೊದೆನಾದಲ್ಲಿ ಹುಟ್ಟಿದರು. 1916ರಲ್ಲಿ ತಂದೆ ಮತ್ತು ಅಣ್ಣ ಇಬ್ಬರೂ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಪರ್ವತ ಫಿರಂಗಿ ದಳದಲ್ಲಿ ಹೇಸರಗತ್ತೆಗಳಿಗೆ ಲಾಳ ಹೊಡೆದರು. ಯುದ್ಧ ಮುಗಿದ ಮೇಲೆ ಫಿಯೆಟ್ ಬಾಗಿಲು ತಟ್ಟಿದರೆ ಕೆಲಸ ಸಿಗಲಿಲ್ಲ. ಆ ನಿರಾಕರಣೆಯನ್ನು ಅವರು ಬದುಕಿನುದ್ದಕ್ಕೂ ಮರೆಯಲಿಲ್ಲ. 1919ರಲ್ಲಿ ಮೊದಲ ರೇಸ್, 1920ರಲ್ಲಿ ಆಲ್ಫಾ ರೋಮಿಯೊ ಸೇರಿ ಸಿಸಿಲಿಯ ಟಾರ್ಗಾ ಫ್ಲೋರಿಯೊದಲ್ಲಿ ಎರಡನೆಯ ಸ್ಥಾನ, 1924ರಲ್ಲಿ ಪೆಸ್ಕಾರಾದ ಕೊಪ್ಪಾ ಅಚೆರ್ಬೊದಲ್ಲಿ ಗೆಲುವು. ಒಳ್ಳೆಯ ಚಾಲಕ, ಆದರೆ ತಾನು ಮಹಾನ್ ಚಾಲಕನಲ್ಲ ಎಂಬ ಅರಿವು ಅವರಿಗಿತ್ತು. 1929ರಲ್ಲಿ ಸ್ಕುಡೆರಿಯಾ ಫೆರಾರಿ ಎಂಬ ತಂಡ ಕಟ್ಟಿದಾಗ ಅದು ಕಾರಿನ ಕಂಪನಿಯಾಗಿರಲಿಲ್ಲ. ಆಲ್ಫಾ ಕಾರುಗಳನ್ನು ಪಡೆದು, ಹಣವಂತ ಹವ್ಯಾಸಿಗಳಿಗೆ ಅವುಗಳನ್ನು ರೇಸಿಗೆ ಸಿದ್ಧಮಾಡಿ ಕೊಡುವುದು, ಮೆಕ್ಯಾನಿಕ್‌ಗಳನ್ನು ಒದಗಿಸುವುದು, ಟೈರು ಎಣ್ಣೆ ಕಂಪನಿಗಳಿಂದ ನೆರವು ಗಿಟ್ಟಿಸುವುದು ಅದರ ಕಸುಬು. ಗಿರಾಕಿಯ ಹಣದಿಂದ ರೇಸ್ ನಡೆಸುವ ವಿದ್ಯೆಯನ್ನು ಅವರು ಕಲಿತದ್ದು ಇಲ್ಲಿ. 1932ರಲ್ಲಿ ಮಗ ಡೀನೊ ಹುಟ್ಟಿದ ಮೇಲೆ ಸ್ವತಃ ಓಡಿಸುವುದನ್ನು ನಿಲ್ಲಿಸಿದರು.

1939ರಲ್ಲಿ ಆಲ್ಫಾದಿಂದ ಹೊರಬಂದಾಗ, ನಾಲ್ಕು ವರ್ಷ ರೇಸಿನಲ್ಲಿ ಫೆರಾರಿ ಎಂಬ ಹೆಸರು ಬಳಸಬಾರದೆಂಬ ಕರಾರಿತ್ತು. ಲೂಯಿ ಶೆವರ್ಲೆ ಶಾಶ್ವತವಾಗಿ ಕಳೆದುಕೊಂಡದ್ದನ್ನು ಇವರು ನಾಲ್ಕು ವರ್ಷದ ಮಟ್ಟಿಗೆ ಒತ್ತೆಯಿಟ್ಟರು. ಆ ಅವಧಿಯಲ್ಲಿ ಫಿಯೆಟ್ ಬಿಡಿಭಾಗಗಳಿಂದ ಹೆಸರಿಲ್ಲದ ಎರಡು ಕಾರು ಕಟ್ಟಿ 1940ರ ಮಿಲ್ಲೆ ಮಿಲ್ಯಾ ಓಟಕ್ಕೆ ಕಳುಹಿಸಿದರು. ಎರಡೂ ಕೆಟ್ಟು ನಿಂತವು. ಯುದ್ಧಕಾಲದಲ್ಲಿ ಬೇರಿಂಗ್ ಕೈಗಾರಿಕೆಗೆ ಬೇಕಾದ ಗ್ರೈಂಡಿಂಗ್ ಯಂತ್ರಗಳನ್ನು ಮಾಡಿ ಹೊಟ್ಟೆ ಹೊರೆದರು. ಮೊದೆನಾದಿಂದ ಮರನೆಲ್ಲೊಗೆ ಸ್ಥಳಾಂತರವಾದ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು, ಮತ್ತೆ ಕಟ್ಟಿದರು. 1947ರ ಮಾರ್ಚ್ 12ರಂದು ಕಾರ್ಖಾನೆಯ ಗೇಟಿನಿಂದ ರಸ್ತೆಗಿಳಿದ ಮೊದಲ ಫೆರಾರಿ 125 ಎಸ್ ಕಾರಿಗೆ ಇನ್ನೂ ಮೈ ಕೂಡ ಹೊದಿಸಿರಲಿಲ್ಲ. ಬರಿಯ ಚಾಸಿ, ನಾಲ್ಕು ಚಕ್ರ, ಜೊವಾಕಿನೊ ಕೊಲಂಬೊ ವಿನ್ಯಾಸಗೊಳಿಸಿದ ಒಂದೂವರೆ ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್, ಸ್ಟಿಯರಿಂಗ್ ಹಿಂದೆ 49 ವರ್ಷದ ಯಜಮಾನ. ಮೇ ತಿಂಗಳ ಮೊದಲ ರೇಸಿನಲ್ಲಿ ಕಾರು ಮುನ್ನಡೆಯಲ್ಲಿದ್ದಾಗಲೇ ಇಂಧನದ ಪಂಪ್ ಕೈಕೊಟ್ಟಿತು. ಎರಡು ವಾರದ ಬಳಿಕ ರೋಮ್‌ನಲ್ಲಿ ಗೆದ್ದಿತು.

ಫೆರಾರಿಯವರ ಲೆಕ್ಕಾಚಾರ ತಲೆಕೆಳಗಾದದ್ದು. ಬೇರೆ ಕಂಪನಿಗಳು ಕಾರು ಮಾರಲು ರೇಸ್ ಓಡಿಸುತ್ತಿದ್ದರೆ, ಇವರು ರೇಸ್ ಓಡಿಸಲು ಕಾರು ಮಾರುತ್ತಿದ್ದರು. ಕೊಳ್ಳುವವರು ರಾಜರು, ಉದ್ಯಮಿಗಳು, ಸಿನಿಮಾದವರು. ಅವರನ್ನು ತಿಂಗಳುಗಟ್ಟಲೆ ಕಾಯಿಸಿ, ಕಾರು ಸಿಗುವುದೇ ಒಂದು ಕೃಪೆ ಎಂಬಂತೆ ನಡೆಸಿಕೊಂಡರು. ಗಿರಾಕಿಯ ಬೇಡಿಕೆಗೆ ತಲೆಬಾಗುವ ಬದಲು ಚಾಲಕನಿಗೆ ಬೇಕಾದ ಕಾರನ್ನೇ ಗಿರಾಕಿಯೂ ಬಯಸುವಂತೆ ಮಾಡಿದರು. ವ್ಯಾಪಾರದ ದೃಷ್ಟಿಯಿಂದ ಇದು ಅಸಾಧಾರಣ ಸಾಧನೆಯೇ, ಆದರೆ ಅದರ ಬೆಲೆ ತೆತ್ತವರಲ್ಲಿ ಇತರರೂ ಇದ್ದರು. 1957ರ ಮಿಲ್ಲೆ ಮಿಲ್ಯಾದಲ್ಲಿ, ಗುಯಿದಿಝೋಲೊ ಹಳ್ಳಿಯ ಬಳಿ, ಟೈರು ಸಿಡಿದ ಫೆರಾರಿ ರಸ್ತೆ ಬದಿಯ ಜನರ ಮೇಲೆ ನುಗ್ಗಿ ಒಂಬತ್ತು ಪ್ರೇಕ್ಷಕರು ಸತ್ತರು. ಅವರಲ್ಲಿ ಐವರು ಮಕ್ಕಳು. ಚಾಲಕ ಅಲ್ಫೊನ್ಸೊ ದೆ ಪೋರ್ಟಾಗೊ ಮತ್ತು ಜೊತೆಗಾರನೂ ಉಳಿಯಲಿಲ್ಲ. ಎಂಜೊ ಅವರ ಮೇಲೆ ಮೊಕದ್ದಮೆ ನಡೆದು, 1961ರಲ್ಲಿ ಖುಲಾಸೆಯಾಯಿತು. ಮಗ ಡೀನೊ 1956ರಲ್ಲೇ 24ನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದ.

ಈ ಮನುಷ್ಯನಿಗೆ ಯಾವುದು ಪ್ರಾಣ, ಯಾವುದು ಬರಿಯ ಸಾಧನ ಎಂಬುದು 1963ರಲ್ಲಿ ಬಯಲಾಯಿತು. ಅಮೆರಿಕದ ಫೋರ್ಡ್ ಕಂಪನಿ ಫೆರಾರಿಯನ್ನು ಕೊಳ್ಳಲು ಮಾತುಕತೆ ನಡೆಸಿ, ಕಾಗದಪತ್ರವನ್ನೂ ಸಿದ್ಧಪಡಿಸಿತು. ರಸ್ತೆ ಕಾರಿನ ವ್ಯವಹಾರವನ್ನು ಬಿಟ್ಟುಕೊಡಲು ಎಂಜೊ ತಯಾರಿದ್ದರು. ರೇಸ್ ವಿಭಾಗದ ಖರ್ಚಿಗೂ ಫೋರ್ಡಿನ ಒಪ್ಪಿಗೆ ಬೇಕೆಂಬುದು ಕಂಡಾಗ ಮಾತುಕತೆ ಮುರಿದುಬಿತ್ತು. ಮುಂದೆ 1969ರಲ್ಲಿ, ತಮ್ಮನ್ನು ಒಮ್ಮೆ ಬಾಗಿಲಿನಿಂದಲೇ ಕಳುಹಿಸಿದ್ದ ಫಿಯೆಟ್‌ಗೆ ಅರ್ಧ ಪಾಲು ಮಾರಿದಾಗ ಅವರು ಇದನ್ನೇ ಕರಾರು ಮಾಡಿಕೊಂಡರು: ರಸ್ತೆ ಕಾರು ನಿಮ್ಮದು, ರೇಸ್ ತಂಡ ನನ್ನದು. 1988ರ ಆಗಸ್ಟ್‌ನಲ್ಲಿ 90ನೆಯ ವಯಸ್ಸಿನಲ್ಲಿ ಸಾಯುವವರೆಗೂ ಹಾಗೆಯೇ ನಡೆಯಿತು. ಅದೇ 1969ರಲ್ಲಿ ಫಿಯೆಟ್ ಲಾಂಚಿಯಾವನ್ನೂ ಕೊಂಡಿತು. ತಮ್ಮಲ್ಲಿ ಚಾಲಕರಾಗಿದ್ದವರೊಬ್ಬರು ಕಟ್ಟಿದ್ದನ್ನೂ, ಕೆಲಸ ಕೇಳಿ ಬಂದು ಬರಿಗೈಯಲ್ಲಿ ಹೋದವರೊಬ್ಬರು ಕಟ್ಟಿದ್ದನ್ನೂ ಒಂದೇ ವರ್ಷದಲ್ಲಿ ಹಣ ಕೊಟ್ಟು ಕೊಳ್ಳಬೇಕಾಯಿತು.

ಇನ್ನು ಸೀಬ್ರಿಂಗ್‌ನ ಆ ಇಬ್ಬರು. ಬ್ರಾಬಮ್ ಯುದ್ಧಕಾಲದಲ್ಲಿ ಆಸ್ಟ್ರೇಲಿಯಾ ವಾಯುಪಡೆಯ ಮೆಕ್ಯಾನಿಕ್ ಆಗಿದ್ದವರು. ಅವರು ಗಿರಾಕಿಯ ಸಮಸ್ಯೆಯನ್ನು ಬಗೆಹರಿಸಿದ ರೀತಿ ಸರಳ: ಗಿರಾಕಿಯೂ ರೇಸ್ ಚಾಲಕನೇ ಆಗಿದ್ದರೆ ಅಂತರದ ಪ್ರಶ್ನೆಯೇ ಬರುವುದಿಲ್ಲವಲ್ಲ! ಹಳೆಯ ಸ್ನೇಹಿತ ರಾನ್ ಟಾರನಾಕ್ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡು, ಕೆಳಗಿನ ದರ್ಜೆಯ ರೇಸುಗಳಲ್ಲಿ ಓಡಿಸುವವರಿಗೆ ಗಟ್ಟಿಯಾದ, ರಿಪೇರಿಗೆ ಸುಲಭವಾದ ಕಾರುಗಳನ್ನು ಮಾಡಿ ಮಾರಿದರು. ಟಾರನಾಕ್ ವಿನ್ಯಾಸಗಳಲ್ಲಿ ಸಾಹಸ ಕಡಿಮೆ, ಭದ್ರತೆ ಹೆಚ್ಚು. 1970ರ ಹೊತ್ತಿಗೆ ಅವರ ಕಾರ್ಖಾನೆಯಿಂದ 500ಕ್ಕೂ ಹೆಚ್ಚು ರೇಸ್ ಕಾರುಗಳು ಹೊರಬಿದ್ದಿದ್ದವು.

1966ರಲ್ಲಿ ಗ್ರ್ಯಾನ್ ಪ್ರಿ ಓಟಗಳ ದರ್ಜೆಯಾದ ಫಾರ್ಮುಲಾ ಒನ್‌ನಲ್ಲಿ ಎಂಜಿನ್ನಿನ ಮಿತಿ ಮೂರು ಲೀಟರಿಗೆ ಏರಿದಾಗ ಎಲ್ಲರೂ ಭಾರಿ ಎಂಜಿನ್‌ಗಳ ಬೆನ್ನು ಹತ್ತಿದರು. ಬ್ರಾಬಮ್ ಮಾತ್ರ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರಿನ ಕೈಬಿಟ್ಟ ಅಲ್ಯೂಮಿನಿಯಂ ಬ್ಲಾಕನ್ನು ಆಧಾರವಾಗಿಟ್ಟುಕೊಂಡು ಮೆಲ್ಬರ್ನ್‌ನ ರೆಪ್ಕೊ ಬಿಡಿಭಾಗ ಕಂಪನಿಯಿಂದ ಹಗುರವಾದ ಎಂಜಿನ್ ಮಾಡಿಸಿದರು. ಶಕ್ತಿ ಕಡಿಮೆ, ಆದರೆ ಕೆಡುತ್ತಿರಲಿಲ್ಲ, ಇಂಧನವೂ ಉಳಿಯುತ್ತಿತ್ತು. ಆಗ ಅವರಿಗೆ 40 ವರ್ಷ. ಮುದುಕರಾದರೆಂದು ಪತ್ರಿಕೆಗಳು ಬರೆದಾಗ, ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ ಉದ್ದನೆಯ ಸುಳ್ಳು ಗಡ್ಡ ಅಂಟಿಸಿಕೊಂಡು, ಊರುಗೋಲು ಊರುತ್ತಾ ತಮ್ಮ ಕಾರಿನತ್ತ ನಡೆದು ಬಂದರು. ಆ ಓಟವನ್ನೂ ಗೆದ್ದರು. ಆ ವರ್ಷ ಸತತ ನಾಲ್ಕು ಗ್ರ್ಯಾನ್ ಪ್ರಿ ಗೆದ್ದು ವಿಶ್ವ ಚಾಂಪಿಯನ್ ಆದರು. ತನ್ನದೇ ಹೆಸರಿನ ಕಾರಿನಲ್ಲಿ ಆ ಪಟ್ಟ ಗೆದ್ದವರು ಅವರ ಮೊದಲೂ ಇಲ್ಲ, ನಂತರವೂ ಇಲ್ಲ. ಇಷ್ಟಾದರೂ ಬ್ರಾಬಮ್ ಕಂಪನಿ ದೀರ್ಘಕಾಲ ಬಾಳಲಿಲ್ಲ. 1970ರಲ್ಲಿ ಅವರು ನಿವೃತ್ತರಾಗಿ ಪಾಲು ಮಾರಿದರು, 1972ರಲ್ಲಿ ಬರ್ನಿ ಎಕ್ಲ್‌ಸ್ಟೋನ್ ಕೊಂಡರು, 1992ರಲ್ಲಿ ತಂಡವೇ ಮುಚ್ಚಿತು. ರೇಸ್ ಚಾಲಕರನ್ನೇ ಗಿರಾಕಿಗಳನ್ನಾಗಿ ಮಾಡಿಕೊಂಡರೆ ಜಗಳ ತಪ್ಪುತ್ತದೆ ನಿಜ. ಆದರೆ ಅಂಥ ಗಿರಾಕಿಗಳು ಬೆರಳೆಣಿಕೆಯಷ್ಟು, ಮುಂದಿನ ವರ್ಷ ಇನ್ನೊಬ್ಬರ ಕಾರು ಒಂದಿಷ್ಟು ವೇಗವಾಗಿ ಓಡಿದರೆ ಅವರೆಲ್ಲ ಅತ್ತ ಹೊರಟುಬಿಡುತ್ತಾರೆ.

ಮೆಕ್ಲಾರೆನ್ ಆಕ್ಲೆಂಡಿನ ಗ್ಯಾರೇಜ್ ಮಾಲೀಕರ ಮಗ. ಒಂಬತ್ತನೆಯ ವಯಸ್ಸಿನಲ್ಲಿ ಸೊಂಟದ ಕೀಲಿನ ಪರ್ತೆಸ್ ಕಾಯಿಲೆ ತಗುಲಿ ದೀರ್ಘಕಾಲ ಹಾಸಿಗೆಯಲ್ಲೇ ಕಳೆದರು, ಎಡಗಾಲು ಶಾಶ್ವತವಾಗಿ ಗಿಡ್ಡವಾಯಿತು. 1963ರಲ್ಲಿ ಸ್ವಂತ ತಂಡ ಕಟ್ಟಿದರು. 1968ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ತಮ್ಮದೇ ಕಾರಿನಲ್ಲಿ ಗೆದ್ದರು. ಅಮೆರಿಕದ ಡ್ಯಾನ್ ಗರ್ನಿ ಅದರ ಹಿಂದಿನ ವರ್ಷ, ಅದೇ ಸ್ಪಾದಲ್ಲಿ, ತಾವು ಕಟ್ಟಿದ ಈಗಲ್ ಕಾರಿನಲ್ಲಿ ಗೆದ್ದಿದ್ದರು. ಉತ್ತರ ಅಮೆರಿಕದ ಕ್ಯಾನ್-ಆಮ್ ಸರಣಿಯ 1969ರ ಎಲ್ಲ 11 ಓಟಗಳನ್ನೂ ಮೆಕ್ಲಾರೆನ್ ಮತ್ತು ಅವರ ಸಹಚಾಲಕ ಡೆನಿ ಹ್ಯೂಮ್ ಹಂಚಿಕೊಂಡರು. ಅಲ್ಲಿನ ಬಹುಮಾನದ ಹಣವೇ ತಂಡದ ಬಂಡವಾಳ. ರಸ್ತೆ ಕಾರಿನ ಕನಸೂ ಅವರಿಗಿತ್ತು. ಎಂ6ಜಿಟಿ ಎಂಬ ಕೆಂಪು ಕಾರೊಂದನ್ನು ಮಾಡಿಸಿ ಮನೆಗೂ ವರ್ಕ್‌ಶಾಪಿಗೂ ಅದರಲ್ಲೇ ಓಡಾಡುತ್ತಾ, ಮಾರಾಟಕ್ಕೆ ಏನೇನು ಬದಲಿಸಬೇಕೆಂದು ನೋಡುತ್ತಿದ್ದರು. ಅಂದರೆ ಚಾಲಕನ ಸೀಟಿನಲ್ಲಿ ಕುಳಿತು ಗಿರಾಕಿಯಂತೆ ಯೋಚಿಸಲು ಆಗಷ್ಟೇ ಶುರುಮಾಡಿದ್ದರು. 1970ರ ಜೂನ್ 2ರಂದು ಗುಡ್‌ವುಡ್‌ನಲ್ಲಿ ಕ್ಯಾನ್-ಆಮ್ ಕಾರನ್ನು ಪರೀಕ್ಷಿಸುವಾಗ ಹಿಂಭಾಗದ ಕವಚ ಕಿತ್ತುಹೋಗಿ ಅಪಘಾತವಾಯಿತು. ಸಾಯುವಾಗ ಅವರಿಗೆ 32 ವರ್ಷ.

ಆ ಕನಸು ನನಸಾಗಲು ಎರಡು ದಶಕ ಹಿಡಿಯಿತು. 1992ರಲ್ಲಿ ಹೊರಬಂದ ಮೆಕ್ಲಾರೆನ್ ಎಫ್1 ರಸ್ತೆ ಕಾರಿನಲ್ಲಿ ಮೂರು ಸೀಟು, ಚಾಲಕನ ಜಾಗ ನಟ್ಟನಡುವೆ. ರೇಸ್ ಕಾರಿನಲ್ಲಿ ಇರುವಂತೆಯೇ. ಒಟ್ಟು 106 ಕಾರುಗಳಷ್ಟೇ ತಯಾರಾದವು. ಅದನ್ನು ವಿನ್ಯಾಸಗೊಳಿಸಿದ ಗಾರ್ಡನ್ ಮರೆ ಬ್ರಾಬಮ್ ತಂಡದಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಮಾಡಿಸಿದ, ಆಗ ಮೆಕ್ಲಾರೆನ್ ಮುಖ್ಯಸ್ಥರಾಗಿದ್ದ ರಾನ್ ಡೆನಿಸ್ ಕೂಡ ಒಂದು ಕಾಲಕ್ಕೆ ಬ್ರಾಬಮ್ ತಂಡದ ಮೆಕ್ಯಾನಿಕ್. 2011ರಿಂದ ವೋಕಿಂಗ್‌ನ ಕಾರ್ಖಾನೆಯಲ್ಲಿ ಮೆಕ್ಲಾರೆನ್ ರಸ್ತೆ ಕಾರುಗಳು ಸಾಲಾಗಿ ತಯಾರಾಗುತ್ತಿವೆ. ಗೆಲುವಿನಲ್ಲಿ ಮುಂದಿದ್ದವರ ಕಂಪನಿ ಮುಚ್ಚಿ, ಅರ್ಧದಾರಿಯಲ್ಲಿ ಸತ್ತವರದು ಬೆಳೆದದ್ದಕ್ಕೆ ಕಾರಣ, ಮೆಕ್ಲಾರೆನ್ ತಮ್ಮ ಸುತ್ತ ಕಟ್ಟಿದ್ದ ಜನರ ಗುಂಪು. ವಕೀಲಿಕೆ ಓದಿದ್ದ ಟೆಡ್ಡಿ ಮೇಯರ್ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರಿಂದ ಯಜಮಾನ ಹೋದ ಮೇಲೂ ತಂಡ ನಿಂತಿತು.

ಟೆಕ್ಸಸ್‌ನ ಕ್ಯಾರಲ್ ಶೆಲ್ಬಿಯವರದು ಬೇರೆಯೇ ಜಾತಿಯ ಜಾಣ್ಮೆ. ಕೋಳಿ ಸಾಕಣೆಯಲ್ಲಿ ಕೈಸುಟ್ಟುಕೊಂಡವರು. ತೋಟದ ಕೆಲಸದ ಪಟ್ಟೆಪಟ್ಟೆ ಬಟ್ಟೆಯಲ್ಲೇ ರೇಸಿಗೆ ಬಂದು ಅದನ್ನೇ ಗುರುತು ಮಾಡಿಕೊಂಡರು. 1959ರಲ್ಲಿ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಲ ಮಾನ್ 24 ತಾಸುಗಳ ಓಟ ಗೆದ್ದರು. ಹೃದ್ರೋಗದಿಂದಾಗಿ ನಾಲಗೆಯಡಿ ಮಾತ್ರೆ ಇಟ್ಟುಕೊಂಡು ಓಡಿಸುವ ಸ್ಥಿತಿ ಬಂದು, 1960ರಲ್ಲಿ ನಿವೃತ್ತರಾದರು. ಎಂಜಿನ್ ಪೂರೈಕೆ ನಿಂತುಹೋಗಿ ಪೇಚಿಗೆ ಸಿಕ್ಕಿದ್ದ ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರಿಗೆ ಫೋರ್ಡಿನ ವಿ8 ಎಂಜಿನ್ ಕೂರಿಸಿ 1962ರಲ್ಲಿ ಕೋಬ್ರಾ ತಂದರು. ಕೈಯಲ್ಲಿದ್ದದ್ದು ಒಂದೇ ಕಾರು. ಪತ್ರಿಕೆಯವರು ಓಡಿಸಿ ನೋಡಲು ಬಂದಾಗಲೆಲ್ಲ ಅದಕ್ಕೆ ಬೇರೆ ಬೇರೆ ಬಣ್ಣ ಬಳಿಸಿ, ಕಾರ್ಖಾನೆಯಿಂದ ಕಾರುಗಳು ಸಾಲುಗಟ್ಟಿ ಹೊರಬರುತ್ತಿವೆಯೆಂಬ ಭ್ರಮೆ ಹುಟ್ಟಿಸಿದರು. 1965ರಲ್ಲಿ ಇದೇ ಕೋಬ್ರಾ ಜಿಟಿ ದರ್ಜೆಯ ವಿಶ್ವ ಪ್ರಶಸ್ತಿಯನ್ನು ಫೆರಾರಿಯಿಂದ ಕಸಿದುಕೊಂಡಿತು. ಮರುವರ್ಷ ಹರ್ಟ್ಜ್ ಬಾಡಿಗೆ ಕಾರಿನ ಕಂಪನಿಗೆ ಶೆಲ್ಬಿ ಸುಮಾರು 1,000 ಮಸ್ಟಾಂಗ್ ಜಿಟಿ350 ಕಾರುಗಳನ್ನು ಒದಗಿಸಿದರು. ಶನಿವಾರ ಬಾಡಿಗೆಗೆ ಒಯ್ದು, ಭಾನುವಾರ ರೇಸ್ ಓಡಿಸಿ, ಸೋಮವಾರ ಹಿಂತಿರುಗಿಸಿದವರ ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಚಾಲಕನ ಕಾರಿಗೂ ಗಿರಾಕಿಯ ಕಾರಿಗೂ ನಡುವಿನ ಅಂತರವನ್ನೇ ದಿನಬಾಡಿಗೆಗೆ ಕೊಟ್ಟ ಮನುಷ್ಯ ಇವರೊಬ್ಬರೇ ಇರಬೇಕು. ಆದರೆ ದೊಡ್ಡ ಕಾರ್ಖಾನೆ ಅವರದಾಗಿರಲಿಲ್ಲ, ಎಂಜಿನ್ ಫೋರ್ಡಿನದು.

ಜಪಾನಿನ ಸೊಯಿಚಿರೊ ಹೊಂಡಾ ಅವರನ್ನು ಈ ಸಾಲಿಗೆ ಸೇರಿಸುವಾಗ ಕೆಲವರು ಹುಬ್ಬೇರಿಸುತ್ತಾರೆ. ಆದರೆ ಅವರೂ ರೇಸ್ ಚಾಲಕರೇ. ಮೆಕ್ಯಾನಿಕ್ ಆಗಿದ್ದಾಗ ತಾವೇ ಮಾರ್ಪಡಿಸಿದ ಫೋರ್ಡ್ ಕಾರನ್ನು 1936ರಲ್ಲಿ ತಾಮಾಗಾವಾ ಟ್ರ್ಯಾಕಿನಲ್ಲಿ ಓಡಿಸಿ ಭಾರಿ ಅಪಘಾತಕ್ಕೀಡಾದರು. ಜೊತೆಗಿದ್ದ ತಮ್ಮನಿಗೂ ಪೆಟ್ಟಾಯಿತು. ಮುಂದಿನ ಹಾದಿ ಇತರರದಕ್ಕೆ ತಿರುವುಮುರುವು. ಯುದ್ಧದಲ್ಲಿ ನೆಲಕಚ್ಚಿದ ದೇಶದಲ್ಲಿ ಸೈನ್ಯದ ರೇಡಿಯೊ ಜನರೇಟರ್‌ಗಳ ಸಣ್ಣ ಎಂಜಿನ್‌ಗಳನ್ನು ಸೈಕಲ್‌ಗೆ ಜೋಡಿಸಿ ಮಾರಲು ಆರಂಭಿಸಿ, 1948ರಲ್ಲಿ ಕಂಪನಿ ನೋಂದಾಯಿಸಿದರು. ಮರುವರ್ಷ ಸೇರಿದ ತಾಕೆಯೊ ಫುಜಿಸಾವಾ ಹಣ ಮತ್ತು ಮಾರಾಟವನ್ನು ಪೂರ್ತಿಯಾಗಿ ವಹಿಸಿಕೊಂಡರು. 1958ರ ಸೂಪರ್ ಕಬ್ ಗಾಡಿಗೆ ಕ್ಲಚ್ ಹಿಡಿಯೇ ಇರಲಿಲ್ಲ. ಸೋಬಾ ಎಂಬ ಶಾವಿಗೆ ತಿನಿಸಿನ ಅಂಗಡಿಯ ಹುಡುಗ ಒಂದು ಕೈಯಲ್ಲಿ ತಟ್ಟೆಗಳನ್ನು ಹಿಡಿದು, ಇನ್ನೊಂದೇ ಕೈಯಲ್ಲಿ ಓಡಿಸಲು ಆಗಬೇಕೆಂಬುದು ಅವರ ಆಗ್ರಹ. ಮೊದಲು ಗಿರಾಕಿ, ಆಮೇಲೆ ರೇಸ್. ಕಾರು ತಯಾರಿಸಿದ್ದು 1963ರಲ್ಲಿ, ಫಾರ್ಮುಲಾ ಒನ್‌ಗೆ ಇಳಿದದ್ದು 1964ರಲ್ಲಿ, ಮೆಕ್ಸಿಕೊದಲ್ಲಿ ಮೊದಲ ಗೆಲುವು 1965ರಲ್ಲಿ. ಬ್ರಾಬಮ್ ಅವರ 1966ರ, ಒಂದು ದರ್ಜೆ ಕೆಳಗಿನ ಫಾರ್ಮುಲಾ ಟು ಕಾರುಗಳಲ್ಲಿದ್ದದ್ದೂ ಹೊಂಡಾ ಎಂಜಿನ್ನೇ. ಆ ವರ್ಷ ಅವುಗಳಿಗೆ ಎದುರಾಳಿಯೇ ಇರಲಿಲ್ಲ ಎನ್ನಬಹುದು. ಕೋಲಾರದ ದಾರಿಯಲ್ಲಿ ನರಸಾಪುರದಲ್ಲಿರುವ ಹೊಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾದದ್ದು 2013ರಲ್ಲಿ. ಇಂದು ನಾನು ಹೆಸರಿಸಿದ ಸ್ಥಾಪಕರಲ್ಲಿ ನಮ್ಮ ನಾಡಿನಲ್ಲಿ ದಿನವೂ ಪಾಳಿಯ ಗಂಟೆ ಬಾರಿಸುವ ಕಾರ್ಖಾನೆ ಇರುವುದು ಇವರ ಹೆಸರಿನಲ್ಲಿಯೇ.

ಎಲ್ಲರಿಗೂ ಕೈಹಿಡಿಯಿತೆಂದು ಭಾವಿಸಬೇಡಿ. ಎರಡು ಬಾರಿ ವಿಶ್ವ ಚಾಂಪಿಯನ್ ಆದ ಎಮರ್ಸನ್ ಫಿಟಿಪಾಲ್ಡಿ ಅಣ್ಣನ ಜೊತೆ ಬ್ರೆಜಿಲ್‌ನ ಹೆಸರಿನಲ್ಲಿ ಕಟ್ಟಿದ ತಂಡ 1982ರಲ್ಲಿ ಒಂದೂ ಗ್ರ್ಯಾನ್ ಪ್ರಿ ಗೆಲ್ಲದೆ ಮುಚ್ಚಿತು. ಮೋಟರ್ ಸೈಕಲ್, ಕಾರು ಎರಡರಲ್ಲೂ ವಿಶ್ವವಿಜೇತರಾದ ಜಾನ್ ಸರ್ಟೀಸ್ ಅವರ ಫಾರ್ಮುಲಾ ಒನ್ ತಂಡ ಒಂಬತ್ತೇ ವರ್ಷ ಉಳಿಯಿತು. ಇವರಿಗೆ ಮಾರಲು ಏನೂ ಇರಲಿಲ್ಲ, ಪ್ರಾಯೋಜಕರ ಬಣ್ಣ ಬಳಿದ ಜಾಗವೊಂದನ್ನು ಬಿಟ್ಟರೆ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ನಮ್ಮ ದೇಶದಲ್ಲಿ ಇಂಥವರು ಏಕೆ ಹುಟ್ಟಲಿಲ್ಲ ಎಂದು ಕೇಳಿದರು. ಅಂದು ಕೊಟ್ಟ ಉತ್ತರವನ್ನು ಇಲ್ಲಿ ತುಸು ಬಿಡಿಸಿ ಬರೆಯುತ್ತಿದ್ದೇನೆ.

ಓಡಿಸುವವರಿಗೆ ಕೊರತೆಯಿರಲಿಲ್ಲ. ಮದರಾಸಿನ ಬಳಿಯ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ಫಿಯೆಟ್, ಹೆರಾಲ್ಡ್, ಅಂಬಾಸಿಡರ್‌ಗಳನ್ನು ಬಿಚ್ಚಿ ತಿದ್ದಿ ರೇಸ್ ಓಡಿಸುತ್ತಿದ್ದವರಲ್ಲಿ ಬೆಂಗಳೂರಿನವರೂ ಇದ್ದರು. ಆದರೆ 1993ರವರೆಗೆ ಕಾರು ತಯಾರಿಕೆಗೆ ಸರ್ಕಾರದ ಪರವಾನಗಿ ಬೇಕಿತ್ತು, ಅದು ಇದ್ದದ್ದು ಕೆಲವೇ ಕಂಪನಿಗಳಿಗೆ. ಗ್ಯಾರೇಜಿನಿಂದ ಕಾರ್ಖಾನೆಗೆ ಹೋಗುವ ದಾರಿಯೇ ಕಾನೂನಿನಲ್ಲಿ ಮುಚ್ಚಿತ್ತು. ಆ ಮಿತಿಯೊಳಗೆ ಬ್ರಾಬಮ್ ದಾರಿ ಹಿಡಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಸ್ವತಃ ರೇಸ್ ಚಾಲಕರಾಗಿದ್ದ ಅವರು ಮಾರುತಿ 800ರ ಎಂಜಿನ್ ಬಳಸಿ, ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿ, ಎಳೆಯರ ಕೈಗೆಟುಕುವ ಖರ್ಚಿನಲ್ಲಿ ಸಿಗುವಂತೆ ಮಾಡಿದರು. ಮುಂದೆ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ತಮ್ಮ ಮೊದಲ ರೇಸ್ ಓಡಿಸಿದ್ದು ಆ ದರ್ಜೆಯಲ್ಲಿ. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ವಿಜಯ್ ಮಲ್ಯ ಕೂಡ ಶೋಲಾವರಂನಲ್ಲಿ ಓಡಿಸಿದವರೇ. ಆದರೆ 2008ರಿಂದ 2018ರವರೆಗೆ ನಡೆದ ಅವರ ಫೋರ್ಸ್ ಇಂಡಿಯಾ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಮೊದಲೇ ಇದ್ದ ತಂಡವನ್ನು ಕೊಂಡು ನಡೆಸಿದ್ದು. ಅದನ್ನು ಈ ಸಾಲಿಗೆ ಸೇರಿಸಲಾರೆ.

ಈಗ ಪರವಾನಗಿಯ ತಡೆಯಿಲ್ಲ, ಬದಲಿಗೆ ಬಂಡವಾಳದ ಗೋಡೆಯಿದೆ. ಸುರಕ್ಷತಾ ಪರೀಕ್ಷೆಗಳಿಗೇ ಕೋಟಿಗಟ್ಟಲೆ ಸುರಿಯಬೇಕಾದ ಕಾಲದಲ್ಲಿ, ಕ್ರೊಯೇಷಿಯಾದ ಮಾಟೆ ರಿಮಾಟ್ಸ್ ಒಂದು ದಾರಿ ತೋರಿಸಿದ್ದಾರೆ. ರೇಸಿಗೆ ಬಳಸುತ್ತಿದ್ದ 1984ರ ಬಿಎಂಡಬ್ಲ್ಯು ಕಾರಿನ ಎಂಜಿನ್ ಸಿಡಿದುಹೋದಾಗ ಆ ಹುಡುಗ ಅದಕ್ಕೆ ವಿದ್ಯುತ್ ಮೋಟರ್ ಜೋಡಿಸಿ ರೇಸ್ ಮುಂದುವರಿಸಿದ. 2009ರಲ್ಲಿ ಕಂಪನಿ ಆರಂಭಿಸಿದ. ಕಾರು ಕೊಳ್ಳುವವರು ಸಿಗುವ ಮುನ್ನ ಅವನನ್ನು ಉಳಿಸಿದ್ದು ಇತರ ಕಾರು ಕಂಪನಿಗಳಿಗೆ ಮಾಡಿಕೊಟ್ಟ ಬ್ಯಾಟರಿ ಮತ್ತು ವಿದ್ಯುತ್ ವ್ಯವಸ್ಥೆಗಳು. 2021ರಲ್ಲಿ ಜರ್ಮನಿಯ ಪೋರ್ಷ ಕಂಪನಿಯ ಜೊತೆಗೂಡಿ, ದುಬಾರಿ ಕಾರುಗಳ ಬುಗಾಟಿ ಕಂಪನಿಯ ಹೊಣೆಯೂ ಅವನ ಕೈಗೆ ಬಂತು. ನಮ್ಮ ಕೊಯಮತ್ತೂರಿನಿಂದಲೋ ಪೀಣ್ಯದಿಂದಲೋ ನಾಳೆ ಒಬ್ಬ ರೇಸ್ ಚಾಲಕ ಹೊರಟರೆ ಅವನ ಮೊದಲ ಗಿರಾಕಿ ಇನ್ನೊಂದು ಕಾರು ಕಂಪನಿಯೇ ಆಗಿರುತ್ತದೆ, ತನ್ನ ಹೆಸರಿನ ಕಾರಿಗೆ ಅವನು ಕೆಲವು ವರ್ಷ ಕಾಯಬೇಕಾಗುತ್ತದೆ ಎಂಬುದು ನನ್ನ ಎಣಿಕೆ.